ನಮ್ಮ ಜಾಲತಾಣಕ್ಕೆ ಜಾಹೀರಾತು ಬಂದ ಕಥೆ

ಶಾಲೆಯ ಮಕ್ಕಳಿಗಾಗಿ ಒಂದು ಕನ್ನಡ ಜಾಲತಾಣ ನಡೆಸುತ್ತಿದ್ದೇವೆ ಅಂದರೆ ಕೇಳಿದವರು ಖುಷಿಪಡುತ್ತಾರೆ. ಅದಕ್ಕೆ ವರ್ಷವೂ ಬಾಡಿಗೆ ಕಟ್ಟಬೇಕು ಅಂದರೆ ಮಾತ್ರ "ಹೌದಾ? ಅಂತರ್ಜಾಲ ಪುಕ್ಕಟೆ ಅಲ್ವಾ?" ಎಂದು ಕೇಳುತ್ತಾರೆ. ಪುಕ್ಕಟೆ ಅಲ್ಲ ನೋಡಿ. ತಾಣದ ಹೆಸರಿಗೆ ಒಂದು ಬಾಡಿಗೆ, ಕಡತಗಳನ್ನು ಇಟ್ಟುಕೊಳ್ಳುವ ಜಾಗಕ್ಕೆ ಇನ್ನೊಂದು ಬಾಡಿಗೆ. ಎರಡೂ ಸೇರಿ ನಮಗೆ ವರ್ಷಕ್ಕೆ ನಾಲ್ಕೂವರೆ ಸಾವಿರ ರೂಪಾಯಿ ಆಗುತ್ತದೆ. ದೊಡ್ಡ ಮೊತ್ತವೇನಲ್ಲ. ಆದರೆ ಯಾರ ಲೆಕ್ಕದಲ್ಲೂ ಸೇರದ ಮೊತ್ತ. ಶಾಲೆಯ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ, ರಕ್ಷಕ ಶಿಕ್ಷಕ ಸಂಘದ ಲೆಕ್ಕದಲ್ಲೂ ಇಲ್ಲ.

ನಾವು ಅಂದರೆ ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಕೆಲವು ಕನ್ನಡ ಮಾಧ್ಯಮ ಶಾಲೆಗಳ ಐದು ಮಂದಿ ಶಿಕ್ಷಕರು, ನಿವೃತ್ತರಾದ ಇಬ್ಬರು, ನಮ್ಮಲ್ಲೇ ಕಲಿತು ಈಗ ಮಂಗಳೂರು ಬೆಂಗಳೂರುಗಳಲ್ಲಿ ಕೆಲಸದಲ್ಲಿರುವ ಮೂವರು ಹಳೆ ವಿದ್ಯಾರ್ಥಿಗಳು. ನಮ್ಮ ತಾಣದಲ್ಲಿ ಏನಿದೆ ಅಂತೀರಾ? ಹತ್ತನೇ ತರಗತಿಯ ಮಾದರಿ ಪ್ರಶ್ನೆಗಳು, ಪಾಠದ ಟಿಪ್ಪಣಿಗಳು, ಊರಿನ ಶಾಲೆಗಳ ಕಥೆಗಳು, ಅರ್ಜಿ ಬರೆಯುವ ಕ್ರಮ, ಹೀಗೆ. ಓಣಂ ಪರೀಕ್ಷೆಯ ಹೊತ್ತಿಗೆ ಮತ್ತು ಮಾರ್ಚಿನಲ್ಲಿ ಮಕ್ಕಳು ಮುಗಿಬೀಳುತ್ತಾರೆ. ಮನೆಯಲ್ಲಿ ಪ್ರಿಂಟರ್ ಇಲ್ಲದವರು ಅಕ್ಷಯ ಕೇಂದ್ರಕ್ಕೆ ಹೋಗಿ ಪ್ರಿಂಟ್ ತೆಗೆಸಿಕೊಳ್ಳುತ್ತಾರೆ. ಮಲಯಾಳ ಮಾಧ್ಯಮದ ಮಕ್ಕಳಿಗೆ, ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಹುಡುಕಿದರೆ ಇಂಥ ತಾಣಗಳು ಎಷ್ಟೋ ಸಿಗುತ್ತವೆ. ಕೇರಳದ ಪಠ್ಯಕ್ರಮವನ್ನು ಕನ್ನಡದಲ್ಲಿ ಕಲಿಯುವ ಮಗುವಿಗೆ ಸಿಗುವುದು ಬೆರಳೆಣಿಕೆ. ಕರ್ನಾಟಕದ ತಾಣಗಳಲ್ಲಿ ಕನ್ನಡವೇನೋ ಇದೆ, ಪಠ್ಯ ಬೇರೆ. ಕೇರಳದ ತಾಣಗಳಲ್ಲಿ ಪಠ್ಯ ನಮ್ಮದೇ, ಭಾಷೆ ಬೇರೆ.

ಹಾಗಾಗಿ ಬಾಡಿಗೆ ಕಟ್ಟದೆ ಬಿಡುವ ಹಾಗಿಲ್ಲ. ವಾಯಿದೆ ಮುಗಿದು ಹೆಸರನ್ನು ನವೀಕರಿಸದಿದ್ದರೆ ಸ್ವಲ್ಪ ದಿನ ಕಾದು ಅದನ್ನು ಬೇರೆ ಯಾರಿಗಾದರೂ ಮಾರಿಬಿಡುತ್ತಾರೆ. ಮಕ್ಕಳು ನಮ್ಮ ವಿಳಾಸ ಒತ್ತಿದರೆ ಯಾವನದ್ದೋ ಅಂಗಡಿ ತೆರೆದುಕೊಳ್ಳುತ್ತದೆ. ಇಷ್ಟು ವರ್ಷ ಹಳೆ ವಿದ್ಯಾರ್ಥಿಯೊಬ್ಬ ತನ್ನ ಕಿಸೆಯಿಂದಲೇ ಕಟ್ಟುತ್ತಾ ಬಂದಿದ್ದ. ಅವನಿಗೂ ಮನೆಯಾಯಿತು, ಮಕ್ಕಳಾದವು. ಎಷ್ಟು ವರ್ಷ ಅಂತ ಅವನ ಮುಖ ನೋಡುವುದು?

ಜಾಹೀರಾತು ಹಾಕಿದರೆ ಹೇಗೆ ಎಂಬ ಮಾತು ಅವನೇ ಎತ್ತಿದ್ದು. "ಟೀಚರ್, ತಾಣ ತನ್ನ ಅನ್ನ ತಾನೇ ದುಡಿದುಕೊಳ್ಳಲಿ" ಅಂದ. ನಮ್ಮಲ್ಲಿ ಒಬ್ಬರಿಗೆ ಅದು ಸರಿಬರಲಿಲ್ಲ. ಪಾಠದ ಪಕ್ಕದಲ್ಲಿ ವ್ಯಾಪಾರವೇ ಎಂದು ಕೇಳಿದರು. ಆಗ ನಮ್ಮ ಹಿರಿಯ ನಿವೃತ್ತ ಮಾಸ್ಟ್ರು ನಕ್ಕುಬಿಟ್ಟರು. "ಅಲ್ಲ ಮಾರಾಯ್ರೆ, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯನ್ನು ನಾವು ಹೇಗೆ ತಂದದ್ದು? ಬಟ್ಟೆ ಅಂಗಡಿಯವರು, ಅಡಿಕೆ ಮಂಡಿಯವರು, ಸೋಡಾ ಮಾಡುವವರು, ಎಲ್ಲರೂ ಶುಭ ಹಾರೈಕೆಗಳೊಂದಿಗೆ ಅಂತ ಅರ್ಧ ಪುಟ ಕಾಲು ಪುಟ ಕೊಟ್ಟದ್ದಲ್ವಾ?" ಎಂದರು. ಮಾತು ನಿಜವೇ. ಗಡಿನಾಡಿನ ಯಾವ ಕನ್ನಡ ಶಾಲೆಯ ಸಂಚಿಕೆ ತೆರೆದರೂ ಕೊನೆಯ ಇಪ್ಪತ್ತು ಪುಟ ಅಂಗಡಿಗಳದ್ದೇ. ಒಂದು ವ್ಯತ್ಯಾಸ ಮಾತ್ರ ಇದೆ. ಆ ಅಂಗಡಿಯವರೆಲ್ಲ ನಮಗೆ ಗುರುತಿದ್ದವರು. ಜಾಲತಾಣದಲ್ಲಿ ಬರುವ ಜಾಹೀರಾತನ್ನು ಆರಿಸುವುದು ಯಂತ್ರ. ಈ ವ್ಯತ್ಯಾಸ ಆಮೇಲೆ ನಮ್ಮನ್ನು ತುಂಬ ಯೋಚನೆಗೆ ಹಚ್ಚಿತು. ಅದಕ್ಕೆ ಮುಂದೆ ಬರುತ್ತೇವೆ.

ಕನ್ನಡಕ್ಕೆ ಬಾಗಿಲು ತೆರೆದದ್ದು

ಈ ಬಗೆಯ ಯೋಜನೆಗಳಲ್ಲಿ ಎಲ್ಲರೂ ಕೇಳಿರುವುದು ಗೂಗಲ್‌ನ ಆಡ್‌ಸೆನ್ಸ್. 2003ರಲ್ಲಿ ಶುರುವಾದದ್ದು. ನಿಮ್ಮ ಪುಟದಲ್ಲಿ ಏನು ಬರೆದಿದೆ ಎಂದು ಯಂತ್ರ ಓದಿ, ಅದಕ್ಕೆ ಹೊಂದುವ ಜಾಹೀರಾತನ್ನು ತಾನೇ ತಂದು ಹಾಕುತ್ತದೆ. ನೋಡುಗರ ಅಭಿರುಚಿ ಲೆಕ್ಕಹಾಕಿ ಹಾಕುವುದೂ ಉಂಟು. ಜಾಹೀರಾತು ಕೊಟ್ಟವರ ದುಡ್ಡಿನಲ್ಲಿ ಒಂದು ಪಾಲು ತಾಣದವರಿಗೆ.

ಯಂತ್ರ ಓದಬೇಕಾದರೆ ಅದಕ್ಕೆ ಆ ಭಾಷೆ ಬರಬೇಕಲ್ಲ? ಅಲ್ಲೇ ಇದ್ದದ್ದು ತೊಡಕು. ಬೆಂಬಲವಿರುವ ಭಾಷೆಗಳ ಪಟ್ಟಿ ಅಂತ ಒಂದಿದೆ. ಅದರಲ್ಲಿ ಇಲ್ಲದ ಭಾಷೆಯ ಪುಟಗಳಿಗೆ ಪ್ರವೇಶವಿಲ್ಲ. ಬ್ಲಾಗುಗಳ ಆ ಹುಮ್ಮಸ್ಸಿನ ಕಾಲದಲ್ಲಿ ಕನ್ನಡದಲ್ಲಿ ಎಷ್ಟು ಒಳ್ಳೆಯ ಬರಹಗಳು ಬಂದವು! ಅವುಗಳಿಗೆಲ್ಲ ಈ ಬಾಗಿಲು ಮುಚ್ಚಿಯೇ ಇತ್ತು. ಭಾರತದ ಭಾಷೆಗಳಲ್ಲಿ ಮೊದಲು ಒಳಗೆ ಹೋದದ್ದು ಹಿಂದಿ, 2014ರ ಡಿಸೆಂಬರಿನಲ್ಲಿ. 2017ರಲ್ಲಿ ಬಂಗಾಳಿ ಸೇರಿತು, 2018ರಲ್ಲಿ ತಮಿಳು ಮತ್ತು ತೆಲುಗು. ಕನ್ನಡದ ಸರದಿ ಬಂದದ್ದು ಅವುಗಳ ನಂತರ. ಈಗ ಪಟ್ಟಿಯಲ್ಲಿ ಕನ್ನಡ ಇದೆ, ಮಲಯಾಳ ಇದೆ, ಮರಾಠಿ ಇದೆ. ಕನ್ನಡದಲ್ಲಿ ಬರೆದ ಪುಟವನ್ನೇ ಕೊಟ್ಟು ಅರ್ಜಿ ಹಾಕಬಹುದು, ಇಂಗ್ಲಿಷಿನ ಆಸರೆ ಬೇಕಿಲ್ಲ.

ಅರ್ಜಿಗೆ ಮೊದಲಿನ ಕೆಲಸ

2024ರ ಬೇಸಗೆ ರಜೆಯಲ್ಲಿ ನಾವು ನಿಯಮಗಳನ್ನು ಕೂತು ಓದಿದೆವು. ಓದಿದ ಮೇಲೆ ಗೊತ್ತಾದದ್ದು, ಅರ್ಜಿ ತುಂಬಲು ಹತ್ತು ನಿಮಿಷ ಸಾಕು, ತಾಣವನ್ನು ಸಿದ್ಧ ಮಾಡಲು ಎರಡು ತಿಂಗಳು ಬೇಕು ಅಂತ.

ಮೊದಲನೆಯದು, ಯಂತ್ರಕ್ಕೆ ಓದಲು ಬರುವ ಅಕ್ಷರ. ನಿಮ್ಮಲ್ಲಿ ಹಲವರಿಗೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳ ನೆನಪಿರಬಹುದು. ಅವುಗಳಲ್ಲಿ ಬೆರಳಚ್ಚು ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಒಳಗೆ ಇರುವುದು ಮಾತ್ರ ಇಂಗ್ಲಿಷ್ ಅಕ್ಷರ ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟು ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಆ ಕಲಸುಮೇಲೋಗರವೇ ಕಾಣುತ್ತದೆ. ಪುಟ ಓದಲು ಬರುವ ಯಂತ್ರಕ್ಕೂ ಅಷ್ಟೇ. ಹಿರಿಯ ಮಾಸ್ಟ್ರುಗಳು ಹದಿನೈದು ಇಪ್ಪತ್ತು ವರ್ಷಗಳಿಂದ ಬೆರಳಚ್ಚು ಮಾಡಿ ಕೊಟ್ಟ ಟಿಪ್ಪಣಿಗಳೆಲ್ಲ ಹೀಗೇ ಇದ್ದವು. ಅವನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳು ಪುಕ್ಕಟೆಯಾಗಿ ಸಿಗುತ್ತವೆ. ಆದರೆ ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಲೇಬೇಕು. ರಜೆಯ ಅರ್ಧ ಅದಕ್ಕೇ ಹೋಯಿತು.

ಎರಡನೆಯದು, ಫೋಟೋ ರೂಪದ ಪುಟಗಳು. ಕೈಬರಹದ ಟಿಪ್ಪಣಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಏರಿಸಿದರೆ ಮಗುವಿಗೆ ಉಪಯೋಗ ಆಗುತ್ತದೆ, ಆದರೆ ಯಂತ್ರ ಅದನ್ನು ಬರಹ ಎಂದು ಎಣಿಸುವುದು ಕಷ್ಟ. ಹುಡುಕಿದಾಗಲೂ ಅದು ಸಿಗುವುದಿಲ್ಲ. ಅಂಧ ಮಕ್ಕಳು ಬಳಸುವ ಓದುವ ತಂತ್ರಾಂಶಕ್ಕೂ ಅದು ಬರೇ ಒಂದು ಚಿತ್ರ. ಈ ಕೊನೆಯ ಕಾರಣ ಕೇಳಿದ ಮೇಲೆ ಯಾರೂ ಎರಡು ಮಾತಾಡಲಿಲ್ಲ. ಫೋಟೋಗಳ ಜೊತೆಗೆ ಬರಹವನ್ನೂ ಬೆರಳಚ್ಚು ಮಾಡಿ ಸೇರಿಸಿದೆವು.

ಮೂರನೆಯದು ಕೆಲವು ಸಣ್ಣ ಸಣ್ಣ ಶಿಸ್ತುಗಳು. ಪುಟದಿಂದ ಪುಟಕ್ಕೆ ಹೋಗಲು ಸರಿಯಾದ ಕೊಂಡಿಗಳಿರಬೇಕು. ಖಾಲಿ ಪುಟ, "ಶೀಘ್ರದಲ್ಲೇ ಬರಲಿದೆ" ಎಂಬ ಪುಟ ಇರಬಾರದು. ನೋಡುಗರ ಯಾವ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂದು ತಿಳಿಸುವ ಖಾಸಗಿತನದ ಪುಟ ಬೇಕೇ ಬೇಕು. ಅದನ್ನು ನಾವು ಕನ್ನಡದಲ್ಲೇ ಬರೆದೆವು, ಎಂಟನೇ ತರಗತಿಯ ಮಗುವಿಗೆ ಓದಿದರೆ ಅರ್ಥವಾಗುವ ಹಾಗೆ. ಈ ತಾಣದಲ್ಲಿ ಜಾಹೀರಾತು ಮಾರಲು ಯಾರಿಗೆ ಅಧಿಕಾರ ಎಂದು ಹೇಳುವ ಆಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಕಡತವೊಂದನ್ನು ತಾಣದ ಬುಡದಲ್ಲಿ ಇಟ್ಟೆವು.

ಮತ್ತೆ ಖಾತೆ ಯಾರ ಹೆಸರಿನಲ್ಲಿ? 18 ವರ್ಷ ತುಂಬಿದವರಾಗಿರಬೇಕು, ಬ್ಯಾಂಕಿನ ಖಾತೆಯ ಹೆಸರಿಗೆ ಹೊಂದಬೇಕು. ಸೇವೆಯಲ್ಲಿರುವ ಶಿಕ್ಷಕರ ಹೊರಗಿನ ಸಂಪಾದನೆಗೆ ನಿಯಮಗಳಿವೆ, ಆ ಗೊಡವೆಯೇ ಬೇಡ ಎಂದು ನಿವೃತ್ತ ಮಾಸ್ಟ್ರೊಬ್ಬರ ಹೆಸರಿನಲ್ಲಿ ತೆರೆದೆವು. ಬಂದದ್ದು ಪೂರ್ತಿ ತಾಣದ ಬಾಡಿಗೆಗೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು.

ನಮ್ಮದು ಯಾವುದು?

ಇಷ್ಟೆಲ್ಲ ಕೈಕೆಲಸ. ನಮ್ಮನ್ನು ನಿಜವಾಗಿ ಕೂರಿಸಿ ಯೋಚಿಸುವ ಹಾಗೆ ಮಾಡಿದ್ದು ನಿಯಮಗಳಲ್ಲಿರುವ ಇನ್ನೊಂದು ವಿಷಯ. ಬೇರೆ ಕಡೆಯಿಂದ ಎತ್ತಿ ತಂದು ಹಾಕಿದ ಪುಟಗಳು ಸಾಲುವುದಿಲ್ಲ. ತಾಣದವರು ಸ್ವಂತವಾಗಿ ಏನಾದರೂ ಕೊಟ್ಟಿರಬೇಕು.

ಪಠ್ಯಪುಸ್ತಕಗಳು ನಮ್ಮದಲ್ಲ. ಅವನ್ನು ಸಿದ್ಧಪಡಿಸುವುದು ರಾಜ್ಯದ ಎಸ್‌ಸಿಇಆರ್‌ಟಿ. 'ಸಮಗ್ರ' ಪೋರ್ಟಲಿನಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳೂ ಸಿಗುತ್ತವೆ. ಅಲ್ಲಿಗೆ ಕೊಂಡಿ ಕೊಟ್ಟರೆ ಸಾಕು. ಹಳೆ ಪ್ರಶ್ನೆಪತ್ರಿಕೆಗಳೂ ಇಲಾಖೆಯವೇ. ಹಾಗಾದರೆ ನಮ್ಮಲ್ಲಿ ಮಾತ್ರ ಇರುವುದು, ಬೆಂಗಳೂರಿನಲ್ಲೂ ತಿರುವನಂತಪುರದಲ್ಲೂ ಸಿಗದ್ದು ಯಾವುದು?

ಉತ್ತರ ಸಿಕ್ಕಿದ್ದು ಒಂಬತ್ತನೇ ತರಗತಿಯ ಹುಡುಗನಿಂದ. ಅವನ ಅಜ್ಜಿ ಪಡಿತರ ಚೀಟಿಯ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದರಂತೆ. ಅಲ್ಲಿದ್ದವರು "ಅಪೇಕ್ಷ ಬೇಕು" ಅಂದರಂತೆ. ಅಜ್ಜಿ ಮನೆಗೆ ಬಂದು "ನನಗಿನ್ನೇನು ಅಪೇಕ್ಷೆ ಮಗಾ, ಒಂದು ಕಾರ್ಡು ಸಿಕ್ಕಿದರೆ ಸಾಕು" ಅಂದರಂತೆ! ಮಲಯಾಳದಲ್ಲಿ ಅಪೇಕ್ಷ ಅಂದರೆ ಅರ್ಜಿ. ಕನ್ನಡದಲ್ಲಿ ಅಪೇಕ್ಷೆ ಅಂದರೆ ಆಸೆ. ತರಗತಿಯೆಲ್ಲ ನಕ್ಕಿತು. ನಕ್ಕು ಮುಗಿದ ಮೇಲೆ ಮಕ್ಕಳೇ ಒಂದೊಂದು ಹೇಳತೊಡಗಿದರು. ಮಲಯಾಳದಲ್ಲಿ ಅವಧಿ ಅಂದರೆ ರಜೆ. ನಮಗೆ ಅವಧಿ ಅಂದರೆ ಇಷ್ಟು ಕಾಲ ಎಂಬ ಗಡುವು, ತರಗತಿಯ ಪೀರಿಯಡ್ಡೂ ಹೌದು. ಅಲ್ಲಿ ಉಪನ್ಯಾಸ ಅಂದರೆ ಪ್ರಬಂಧ, ನಮಗೆ ಉಪನ್ಯಾಸ ಅಂದರೆ ಭಾಷಣ. ಅಲ್ಲಿ ಸಂಸಾರ ಅಂದರೆ ಮಾತು, ಇಲ್ಲಿ ಸಂಸಾರ ಅಂದರೆ ಹೆಂಡತಿ ಮಕ್ಕಳು. "ಉಪನ್ಯಾಸ ಬರೆಯಿರಿ" ಎಂದು ಸ್ಪರ್ಧೆಯ ಸೂಚನಾ ಫಲಕದಲ್ಲಿ ನೋಡಿ ಮಾತಾಡಲು ತಯಾರಾಗಿ ಹೋದ ಹುಡುಗಿಯೂ ಆ ತರಗತಿಯಲ್ಲಿದ್ದಳು.

ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ, ಪ್ಲಸ್ ಟು ಸೇರಿದ ಕೂಡಲೇ ಇಂಗ್ಲಿಷ್. ನಮ್ಮ ಮಗು ದಿನಕ್ಕೆ ನಾಲ್ಕು ಹೊಸ್ತಿಲು ದಾಟುತ್ತದೆ. ಆ ಹೊಸ್ತಿಲುಗಳಲ್ಲಿ ಎಡವದ ಹಾಗೆ ಒಂದು ಪುಟ ಇದ್ದರೆ? ಹಾಗೆ ಶುರುವಾದದ್ದು 'ಒಂದೇ ಮಾತು, ಎರಡು ಅರ್ಥ' ಎಂಬ ಪುಟ. ಅದರ ಬೆನ್ನಿಗೆ ವಿಜ್ಞಾನ, ಸಮಾಜದ ಪದಗಳ ಮೂರು ಸಾಲಿನ ಪಟ್ಟಿ ಬಂತು. ದ್ಯುತಿಸಂಶ್ಲೇಷಣೆ, ಪ್ರಕಾಶ ಸಂಶ್ಲೇಷಣಂ, ಫೋಟೋಸಿಂಥೆಸಿಸ್, ಮೂರೂ ಒಂದೇ ಸಾಲಿನಲ್ಲಿ. ಪ್ಲಸ್ ಟುವಿಗೆ ಹೋದ ಮಕ್ಕಳು ಮೊದಲ ಎರಡು ತಿಂಗಳು ಕಣ್ಣುಬಾಯಿ ಬಿಡುವುದು ಪಾಠ ಗೊತ್ತಿಲ್ಲದೆ ಅಲ್ಲ, ಪದ ಗೊತ್ತಿಲ್ಲದೆ. ಇದು ನಮಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯವೇ. ಅದನ್ನು ಬರೆದಿಡುವ ನೆಪ ಮಾತ್ರ ಜಾಹೀರಾತಿನ ಅರ್ಜಿ.

ಒಪ್ಪಿಗೆ ಬಂದ ಮೇಲೆ

ಜೂನ್ ತಿಂಗಳಲ್ಲಿ, ಶಾಲೆ ಆರಂಭವಾದ ಮೊದಲ ವಾರವೇ ಅರ್ಜಿ ಹಾಕಿದೆವು. ಪರಿಶೀಲನೆಗೆ ಕೆಲವು ದಿನ, ಕೆಲವೊಮ್ಮೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ ಎಂದು ಮೊದಲೇ ತಿಳಿಸಿರುತ್ತಾರೆ. ಹದಿನಾರನೇ ದಿನ ನಿಮ್ಮ ತಾಣ ಸಿದ್ಧವಾಗಿದೆ ಎಂಬ ಇಮೇಲ್ ಬಂತು. ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಪೋಡಿ ತರಿಸಿದೆವು.

ಜಗಳ ಶುರುವಾದದ್ದು ಆಮೇಲೆ.

ಸಂಕೇತವನ್ನು ಎಲ್ಲ ಪುಟಗಳಲ್ಲೂ ಹಾಕಿದರೆ ಹೆಚ್ಚು ಗಳಿಕೆ. ನಮ್ಮ ತಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಬರುವುದೇ ಪಾಠದ ಪುಟಗಳಿಗೆ. ಪಾಠದ ಪುಟಗಳನ್ನು ನೋಡುವವರು ಯಾರು? ಮಕ್ಕಳು. ಅಪ್ಪ ಅಮ್ಮನ ಮೊಬೈಲ್ ಹಿಡಿದುಕೊಂಡ ಮಕ್ಕಳು. ಆ ಮೊಬೈಲಿನಲ್ಲಿ ಅಪ್ಪ ಏನು ಹುಡುಕಿದ್ದಾನೋ ಅದಕ್ಕೆ ತಕ್ಕ ಜಾಹೀರಾತು ಗಣಿತದ ಲೆಕ್ಕದ ಕೆಳಗೆ ಬರಬಹುದು. ಸಾಲ ಕೊಡುವ ಆಪ್, ಮೈಬಣ್ಣ ಬೆಳ್ಳಗಾಗಿಸುವ ಕ್ರೀಮು, ಒಂದೇ ವಾರದಲ್ಲಿ ಶ್ರೀಮಂತರಾಗುವ ದಾರಿ... ಸ್ಮರಣ ಸಂಚಿಕೆಯ ಸೋಡಾ ಅಂಗಡಿಯವರ ಮನೆ ನಮಗೆ ಗೊತ್ತಿತ್ತು. ಇವರ ಮನೆ ಯಾರಿಗೆ ಗೊತ್ತು?

ತಡೆಯುವ ವ್ಯವಸ್ಥೆ ಇದೆ, ಇಲ್ಲ ಅಂತಲ್ಲ. ಬೇಡದ ವರ್ಗಗಳನ್ನು ನಾವೇ ಮುಚ್ಚಬಹುದು. ಜ್ಯೋತಿಷ್ಯ, ಡೇಟಿಂಗ್, ದಿಢೀರ್ ಶ್ರೀಮಂತಿಕೆ, ಸೌಂದರ್ಯ ಚಿಕಿತ್ಸೆ, ಎಲ್ಲವನ್ನೂ ಮುಚ್ಚಿದೆವು. ಮಕ್ಕಳಿಗಾಗಿ ಮಾಡಿದ ಪುಟ ಎಂದು ಗುರುತು ಹಾಕುವ ಅವಕಾಶವೂ ಇದೆ. ಹಾಗೆ ಗುರುತು ಹಾಕಿದರೆ ನೋಡುಗರ ಅಭಿರುಚಿ ಹಿಡಿದು ಜಾಹೀರಾತು ತೋರಿಸುವುದಿಲ್ಲ. ಅಷ್ಟು ಸಾಕಲ್ಲವೇ ಎಂದು ನಮ್ಮಲ್ಲಿ ಮೂವರು ಹೇಳಿದರು. ಸಾಲದು ಎಂದು ಉಳಿದವರು.

ಕಾನೂನು ಏನು ಹೇಳುತ್ತದೆ ಎಂದೂ ನೋಡಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಮಕ್ಕಳ ಚಲನವಲನದ ಜಾಡು ಹಿಡಿಯುವುದನ್ನು, ಮಕ್ಕಳಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ಅದು ತಡೆಯುತ್ತದೆ. ಆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುವಂಥವು. ಅದೇ ವರ್ಷ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಅಂದರೆ ದೇಶಕ್ಕೇ ಇದು ಚಿಂತೆಯ ವಿಷಯ, ನಮ್ಮ ಸ್ಟಾಫ್ ರೂಮಿನದ್ದು ಮಾತ್ರ ಅಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ಮಾತು ಮುಗಿಸಿದ್ದು ಕಾನೂನಲ್ಲ, ಕನ್ನಡ ಟೀಚರ್ ಕೇಳಿದ ಒಂದು ಪ್ರಶ್ನೆ. "ತರಗತಿಯ ಕಪ್ಪುಹಲಗೆಯ ಮೂಲೆಯನ್ನು ನಾವು ಬಾಡಿಗೆಗೆ ಕೊಡುತ್ತೇವಾ?" ಇಲ್ಲ. ಶಾಲೆಯ ಕಾಂಪೌಂಡಿನ ಹೊರಗೆ, ವಾರ್ಷಿಕೋತ್ಸವದ ಪೆಂಡಾಲಿನಲ್ಲಿ, ಸಂಚಿಕೆಯ ಕೊನೆಯ ಪುಟಗಳಲ್ಲಿ ಅಂಗಡಿಗಳ ಹೆಸರು ಇರಬಹುದು. ಕಪ್ಪುಹಲಗೆಯಲ್ಲಿ ಇರುವುದಿಲ್ಲ. ಹಾಗಾಗಿ ತಾಣವನ್ನು ಎರಡು ಭಾಗ ಮಾಡಿದೆವು. ಪಾಠದ ಪುಟಗಳಲ್ಲಿ ಜಾಹೀರಾತಿನ ಸಂಕೇತವನ್ನೇ ಹಾಕಿಲ್ಲ. ಊರ ಶಾಲೆಗಳ ಕಥೆ, ಅರ್ಜಿ ಬರೆಯುವ ಕ್ರಮ, 'ಒಂದೇ ಮಾತು, ಎರಡು ಅರ್ಥ', ಹೀಗೆ ದೊಡ್ಡವರು ಹೆಚ್ಚಾಗಿ ಓದುವ ಪುಟಗಳಲ್ಲಿ ಮಾತ್ರ ಹಾಕಿದ್ದೇವೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತಾಣಕ್ಕೆ ಜಾಹೀರಾತು ಬಂದಿದೆ ಎಂದು ತಿಳಿದ ಕೂಡಲೇ ಹಳೆ ವಿದ್ಯಾರ್ಥಿಯ ತಂದೆಯೊಬ್ಬರು ಪ್ರೀತಿಯಿಂದ "ಮಾಸ್ಟ್ರೆ, ನಾವೆಲ್ಲ ದಿನಕ್ಕೆ ಹತ್ತು ಸಲ ಒತ್ತುತ್ತೇವೆ, ಶಾಲೆಗೆ ಸಹಾಯ ಆಗಲಿ" ಅಂದರು. ದಮ್ಮಯ್ಯ, ಹಾಗೆ ಮಾಡಬಾರದು! ತಾಣದವರು ತಮ್ಮ ಜಾಹೀರಾತನ್ನು ತಾವೇ ಒತ್ತುವುದು, ಬೇರೆಯವರಿಗೆ ಒತ್ತಿ ಎನ್ನುವುದು ಎರಡೂ ನಿಯಮಕ್ಕೆ ವಿರುದ್ಧ. ಯಂತ್ರ ಅದನ್ನು ಪತ್ತೆಹಚ್ಚುತ್ತದೆ, ಖಾತೆ ಮುಚ್ಚಿಹೋಗಬಹುದು. ಜಾಹೀರಾತು ಕೊಟ್ಟವನಿಗೂ ಅದು ಮೋಸವೇ. ಶಾಲೆಯ ಮೇಲಿನ ಪ್ರೀತಿಯನ್ನು ತೋರಿಸಲು ಬೇರೆ ಎಷ್ಟೋ ದಾರಿಗಳಿವೆ.

ದುಡ್ಡಿನ ಲೆಕ್ಕ

ಎಷ್ಟು ಬಂತು ಎಂದು ಕೇಳದೆ ನೀವು ಬಿಡುವವರಲ್ಲ. ಹೇಳುತ್ತೇವೆ.

ಮೊದಲು ಇದರಲ್ಲಿ ಕ್ಲಿಕ್ಕಿಗೆ ದುಡ್ಡು ಕೊಡುತ್ತಿದ್ದರು. 2024ರ ಆರಂಭದಿಂದ ಜಾಹೀರಾತು ತೋರಿಸಿದ್ದಕ್ಕೇ ಲೆಕ್ಕ. ಜಾಹೀರಾತು ಕೊಟ್ಟವನು ಕಟ್ಟಿದ್ದರಲ್ಲಿ ಒಟ್ಟು ಸುಮಾರು 68 ಶೇಕಡಾ ತಾಣದವರಿಗೆ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕನ್ನಡದ ಓದುಗರಿಗೆ ಎಂದು ಜಾಹೀರಾತು ಕೊಡುವವರು ಕಡಿಮೆ, ನಮ್ಮಂಥ ಸಣ್ಣ ತಾಣಕ್ಕೆ ಬರುವವರೂ ಕಡಿಮೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಾತ್ರಿ ಮಾಡಿಕೊಳ್ಳಲು ಅಂಚೆಯಲ್ಲಿ ಒಂದು ಪಿನ್ ಸಂಖ್ಯೆ ಕಳಿಸುತ್ತಾರೆ. 100 ಡಾಲರ್ ತುಂಬುವ ತನಕ ಹಣ ಬ್ಯಾಂಕಿಗೆ ಬರುವುದಿಲ್ಲ. ನಮ್ಮ ಮಾಸ್ಟ್ರ ಮನೆಗೆ ಪಿನ್ನಿನ ಆ ಕಾಗದ ಬಂದದ್ದು ಒಪ್ಪಿಗೆ ಸಿಕ್ಕಿ ಒಂಬತ್ತು ತಿಂಗಳಾದ ಮೇಲೆ. ನೂರು ಇನ್ನೂ ತುಂಬಿಲ್ಲ. ಪಾಠದ ಪುಟಗಳಲ್ಲೂ ಹಾಕಿದ್ದರೆ ಇಷ್ಟು ಹೊತ್ತಿಗೆ ತುಂಬುತ್ತಿತ್ತೇನೋ ಎಂದು ನಮ್ಮಲ್ಲಿ ಒಬ್ಬರು ಈಗಲೂ ಗೊಣಗುತ್ತಾರೆ. ಗೊಣಗಲಿ, ಅವರ ಲೆಕ್ಕವೂ ಸರಿಯೇ.

ಹಾಗಾದರೆ ಬಾಡಿಗೆ? ಹಳೆ ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿ ತಲಾ ಐನೂರು ಹಾಕಿದರು. ಒಬ್ಬನ ಮೇಲಿದ್ದ ಭಾರ ಒಂಬತ್ತು ಮಂದಿಗೆ ಹಂಚಿಹೋಯಿತು. ಇವರಲ್ಲಿ ಹೆಚ್ಚಿನವರು ತಾಣವನ್ನು ಮತ್ತೆ ನೋಡಿದ್ದೇ 'ಒಂದೇ ಮಾತು, ಎರಡು ಅರ್ಥ' ಪುಟದಿಂದ. ಅದನ್ನು ಯಾರೋ ಅವರಿಗೆ ಕಳಿಸಿದ್ದರಂತೆ, ಓದಿ ನಕ್ಕು, ತಮ್ಮ ಅಜ್ಜಿಯ ಕಥೆ ಒಂದೊಂದು ಬರೆದು ಕಳಿಸಿದರು.

ತಾಳವಾಡಿಯಲ್ಲಿ, ಜತ್ತ ಅಕ್ಕಲಕೋಟೆಗಳಲ್ಲಿ, ಆದವಾನಿ ಮಡಕಶಿರಗಳಲ್ಲಿ ಕನ್ನಡ ಕಲಿಸುವ ಗೆಳೆಯರಲ್ಲಿ ಒಂದು ಮಾತು. ತಾಣ ನಡೆಸುತ್ತಿದ್ದರೆ ಈ ಯೋಜನೆಗೆ ಅರ್ಜಿ ಹಾಕಿ ನೋಡಿ, ಕನ್ನಡಕ್ಕೆ ಈಗ ಅಡ್ಡಿಯಿಲ್ಲ. ಬಾಡಿಗೆ ಪೂರ್ತಿ ಅದರಿಂದಲೇ ಹುಟ್ಟುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಹಳೆಯ ಫಾಂಟಿನಲ್ಲಿರುವುದನ್ನು ಯುನಿಕೋಡಿಗೆ ತಿರುಗಿಸುವ ಕೆಲಸವನ್ನು ಮಾತ್ರ ಅರ್ಜಿ ಹಾಕದಿದ್ದರೂ ಮಾಡಿ, ಬೆರಳಚ್ಚು ಮಾಡಿದ ಹಿರಿಯರು ಇರುವಾಗಲೇ ಮಾಡಿ. ತಮಿಳಿನ, ಮರಾಠಿಯ, ತೆಲುಗಿನ ಜೊತೆ ನಿಮ್ಮ ಮಕ್ಕಳೂ ದಿನಾ ಎಡವುವ ಪದಗಳಿರುತ್ತವಲ್ಲ, ಅವನ್ನು ಮಕ್ಕಳ ಕೈಯಲ್ಲೇ ಪಟ್ಟಿ ಮಾಡಿಸಿ. ನಮ್ಮ ಪಟ್ಟಿಯಲ್ಲಿ ಈಗ ನೂರ ಎಂಬತ್ತು ಪದಗಳಾಗಿವೆ. ಮೊನ್ನೆ ಏಳನೇ ತರಗತಿಯವರು ಇನ್ನೂ ಆರು ತಂದಿದ್ದಾರೆ, ಈ ಶನಿವಾರ ಏರಿಸಬೇಕು.